ಅಂಗಡಿಯಲ್ಲಿ ಫಳಫಳ, ಮನೆಯಲ್ಲಿ ಮಂಕು: ಹೊಸ ಟಿವಿ ವಾಪಸ್ ಒಯ್ಯುವ ಮೊದಲು ಇಷ್ಟು ನೋಡಿ

ತಿಪಟೂರು: "ಅಂಗಡೀಲಿ ತೋರ್ಸಿದ್ದೇ ಒಂದು, ಮನೆಗೆ ಕಳ್ಸಿದ್ದೇ ಒಂದು." ಟಿವಿ ಮಾರುವ ಯಾವ ಅಂಗಡಿಯವರಿಗೂ ಈ ಮಾತು ಹೊಸದಲ್ಲ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಾಗಾಗಿ 43 ಇಂಚು, 55 ಇಂಚು ಅಂದ್ರೆ ಈಗ ಮೊದಲಿನಷ್ಟು ದೂರದ ಮಾತಲ್ಲ. ಆದರೆ ಕೊಬ್ಬರಿ ದುಡ್ಡಲ್ಲೋ ಕಂತಿನಲ್ಲೋ ತಂದ ಟಿವಿಯಲ್ಲಿ ಮೊದಲ ದಿನವೇ ಮುಖ ಎಲ್ಲ ಕೆಂಪು, ಅಕ್ಷರ ಎಲ್ಲ ಮಸುಕು ಕಂಡರೆ ಗಿರಾಕಿಗೆ ಹೊಟ್ಟೆ ಉರಿಯುತ್ತೆ. ಮಾತಿಗೆ ಮಾತು ಬೆಳೆದು ವರ್ಷಗಳ ವ್ಯವಹಾರವೇ ಕೆಡುತ್ತೆ. ಎಷ್ಟೋ ಸಲ ಟಿವಿ ಸರಿಯಾಗೇ ಇರುತ್ತೆ. ತಪ್ಪಿರೋದು ಸೆಟ್ಟಿಂಗು, ಇಲ್ಲಾ ಟಿವಿಗೆ ಬರ್ತಿರೋ ಸಿಗ್ನಲ್ಲು.

ಅಂಗಡಿಯಲ್ಲಿ ಟಿವಿ ಅಷ್ಟು ಚೆಂದ ಕಾಣೋದಕ್ಕೆ ಕಾರಣ ಇದೆ. ಅಲ್ಲಿ ಓಡ್ತಿರೋದು ಕಂಪನಿಯೇ ಕೊಟ್ಟ 4ಕೆ ಡೆಮೊ ವಿಡಿಯೊ. ನಮ್ಮ ಕೇಬಲ್ ಚಾನೆಲ್ ಅಲ್ಲ. ತಲೆ ಮೇಲೆ ಹತ್ತು ಟ್ಯೂಬ್‌ಲೈಟ್ ಉರೀತಿರುತ್ತೆ, ಪಕ್ಕದಲ್ಲೇ ಇನ್ನೂ ನಾಲ್ಕು ಟಿವಿ ಪೈಪೋಟಿಗೆ ನಿಂತಿರುತ್ತೆ. ಅದಕ್ಕೇ ಟಿವಿಯನ್ನು ಸ್ಟೋರ್ ಮೋಡ್‌ನಲ್ಲಿಟ್ಟು ಬೆಳಕು, ಬಣ್ಣ ಎಲ್ಲವನ್ನೂ ತುತ್ತತುದಿಗೆ ಏರಿಸಿರ್ತಾರೆ. ಹೊಸ ಟಿವಿ ಮೊದಲ ಸಲ ಆನ್ ಆದಾಗ 'ಹೋಮ್' ಅಥವಾ 'ಸ್ಟೋರ್' ಅಂತ ಕೇಳುತ್ತೆ. ಅವಸರದಲ್ಲಿ ಸ್ಟೋರ್ ಒತ್ತಿಬಿಟ್ಟರೆ ಜಾಹೀರಾತಿನ ಪಟ್ಟಿ ಬರ್ತಾ ಇರುತ್ತೆ, ನೀವು ಮಾಡಿದ ಸೆಟ್ಟಿಂಗ್ ಸ್ವಲ್ಪ ಹೊತ್ತಿಗೇ ಅಳಿಸಿಹೋಗಿ ಹಳೇದಕ್ಕೆ ವಾಪಸ್ ಹೋಗುತ್ತೆ. ಡಿಸ್‌ಪ್ಲೇ ಪೀಸನ್ನೇ ಕೊಟ್ಟು ಕಳಿಸುವ ಅಂಗಡಿಯವರು ಇದೊಂದನ್ನು ಬದಲಿಸಿ ಕಳಿಸಿದರೆ ಅರ್ಧ ಜಗಳ ತಪ್ಪುತ್ತೆ.

ಇನ್ನು ಸಿಗ್ನಲ್ ವಿಚಾರ. ಜನ ಜಾಸ್ತಿ ಎಡವೋದು ಇಲ್ಲೇ. 4ಕೆ ಟಿವಿಯ ಪರದೆಯಲ್ಲಿ ಅಡ್ಡ 3840, ಉದ್ದ 2160 ಚುಕ್ಕೆಗಳಿವೆ, ಒಟ್ಟು 83 ಲಕ್ಷದ ಹತ್ತಿರ. ಹಳೇ ಎಸ್‌ಡಿ ಸೆಟ್ ಟಾಪ್ ಬಾಕ್ಸ್ ಕಳಿಸೋ ಚಿತ್ರದಲ್ಲಿ ಇರೋದು ಹೆಚ್ಚೆಂದರೆ 720ಕ್ಕೆ 576, ಅಂದರೆ 4 ಲಕ್ಷ ಚಿಲ್ಲರೆ. ಬಂದ ಒಂದೊಂದು ಚುಕ್ಕೆಯನ್ನೂ ಟಿವಿ ಇಪ್ಪತ್ತು ಚುಕ್ಕೆಯಷ್ಟು ಹಿಗ್ಗಿಸಬೇಕು. ಒಂದು ಲೋಟ ಹಾಲಿಗೆ ಇಪ್ಪತ್ತು ಲೋಟ ನೀರು ಬೆರೆಸಿದರೆ ಆಮೇಲೆ ಎಷ್ಟು ಸಕ್ಕರೆ ಹಾಕಿ ಏನು ಪ್ರಯೋಜನ? ಹಳೇ 21 ಇಂಚಿನ ಡಬ್ಬಾ ಟಿವಿಯಲ್ಲಿ ಅದೇ ಚಾನೆಲ್ ಚೆನ್ನಾಗೇ ಕಾಣ್ತಿತ್ತಲ್ಲ ಅಂತಾರೆ. ನಿಜ, ಪರದೆ ಚಿಕ್ಕದಿತ್ತು, ಕೊರತೆ ಕಣ್ಣಿಗೆ ಬೀಳ್ತಿರಲಿಲ್ಲ.

ಆದ್ದರಿಂದ ಮೊದಲು ಟಿವಿ ಹಿಂದಗಡೆ ನೋಡಿ. ಬಾಕ್ಸಿನಿಂದ ಕೆಂಪು, ಬಿಳಿ, ಹಳದಿ ಪಿನ್ನಿನ ವೈರ್ ಬಂದಿದೆಯಾ? ಹಾಗಿದ್ದರೆ ಬಾಕ್ಸ್ ಎಚ್‌ಡಿ ಆಗಿದ್ದರೂ ಉಪಯೋಗ ಇಲ್ಲ, ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಚಿತ್ರ ಹೋಗೋದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿಸಿ. ಸಾಧಾರಣ ಕೇಬಲ್ ಸಾಕು. ಬಂಗಾರದ ಬಣ್ಣದ ಪಿನ್ನು, ಸಾವಿರಾರು ರೂಪಾಯಿ ಬೆಲೆ ಅಂತ ಯಾರಾದರೂ ಹೇಳಿದರೆ ಆ ದುಡ್ಡು ಜೇಬಿನಲ್ಲೇ ಇರಲಿ. ಕೇಬಲ್ ಹಾಕಿದ ಮೇಲೆ ಬಾಕ್ಸಿನ ಸೆಟ್ಟಿಂಗ್‌ಗೂ ಹೋಗಿ ನೋಡಿ, ವಿಡಿಯೊ ಔಟ್‌ಪುಟ್ 576 ಅಂತ ಇದ್ದರೆ 1080ಕ್ಕೆ ಏರಿಸಬೇಕು. ಬಾಕ್ಸೇ ಎಸ್‌ಡಿ ಆಗಿದ್ದರೆ, ಅಥವಾ ನೀವು ನೋಡೋ ಚಾನೆಲ್ಲಿನ ಎಚ್‌ಡಿ ಪ್ಯಾಕ್ ಹಾಕಿಸದೇ ಇದ್ದರೆ, ರಿಮೋಟ್ ಎಷ್ಟು ಒತ್ತಿದರೂ ಚಿತ್ರ ಅಷ್ಟೇ. ಇದನ್ನ ಮಾರುವಾಗಲೇ ಹೇಳೋದು ಅಂಗಡಿಯವರ ಕೆಲಸ.

ಇಂಟರ್ನೆಟ್‌ನಲ್ಲಿ ನೋಡುವವರಿಗೂ ಇದೇ ಕಥೆ. ನೆಟ್ ನಿಧಾನವಾದರೆ ಯೂಟ್ಯೂಬ್ ತಾನಾಗೇ ಚಿತ್ರದ ಗುಣಮಟ್ಟ ಇಳಿಸಿಬಿಡುತ್ತೆ. 1080ಕ್ಕೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ವೇಗ ಬೇಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತೆ. ಅದೂ ಟಿವಿ ಇರೋ ಜಾಗದಲ್ಲಿ, ರೂಟರ್ ಪಕ್ಕದಲ್ಲಿ ಅಲ್ಲ.

ಸಿಗ್ನಲ್ ಸರಿಯಾಯ್ತು ಅನ್ನಿ. ಈಗ ರಿಮೋಟ್ ತಗೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಅಂತ ಇರುತ್ತೆ, ಅದರೊಳಗೆ ಪಿಕ್ಚರ್ ಮೋಡ್. ಹೆಚ್ಚಿನವರ ಮನೆಯಲ್ಲಿ ಅದು 'ವಿವಿಡ್' ಅಥವಾ 'ಡೈನಮಿಕ್' ಮೇಲಿರುತ್ತೆ. 'ಸಿನಿಮಾ' ಅಥವಾ 'ಮೂವಿ' ಮಾಡಿ. ಕೆಲವು ಟಿವಿಯಲ್ಲಿ 'ಫಿಲ್ಮ್‌ಮೇಕರ್ ಮೋಡ್' ಅಂತಲೂ ಇದೆ. ಇದೊಂದೇ ಬದಲಾವಣೆಯಲ್ಲಿ ಮುಕ್ಕಾಲು ಕೆಲಸ ಮುಗೀತು.

ಮಾಡಿದ ಕೂಡಲೇ ಮನೆಯವರು "ಇದೇನು, ಹಳದಿ ಆಗೋಯ್ತು" ಅಂತಾರೆ. ಅನ್ನಲಿ, ಎರಡು ಮೂರು ದಿನ ಹಾಗೇ ಬಿಡಿ. ವಿವಿಡ್‌ನಲ್ಲಿ ಬಿಳಿ ಅಂತ ಕಾಣ್ತಿದ್ದದ್ದು ನಿಜವಾದ ಬಿಳಿ ಅಲ್ಲ, ಪಂಚೆ ಒಗೆಯುವಾಗ ನೀಲಿ ಜಾಸ್ತಿ ಬಿದ್ದ ಹಾಗೆ. ಸಿನಿಮಾ ಮಾಡುವವರು ಬಣ್ಣ ನೋಡಿ ಕೂಡಿಸೋದು ಇಷ್ಟು ನೀಲಿ ಇರುವ ಪರದೆಯಲ್ಲಲ್ಲ. ಕಣ್ಣು ಒಗ್ಗಿದ ಮೇಲೆ ವಾಪಸ್ ವಿವಿಡ್‌ಗೆ ಹಾಕಿ ನೋಡಿ, ಆಗ ಗೊತ್ತಾಗುತ್ತೆ. ಅಷ್ಟಾದರೂ ಇಷ್ಟವಾಗದಿದ್ದರೆ ಕಲರ್ ಟೆಂಪರೇಚರ್‌ನಲ್ಲಿ 'ವಾರ್ಮ್' ಇರೋದನ್ನ ಒಂದು ಹೆಜ್ಜೆ ಈಚೆಗೆ ತನ್ನಿ. ಟಿವಿ ನಿಮ್ಮದು, ಕಣ್ಣೂ ನಿಮ್ಮದೇ.

ಒಳಗಿನ ಗುಂಡಿಗಳಲ್ಲಿ ಹೆಸರಿನ ಗೊಂದಲ ಇದೆ. ಬ್ಯಾಕ್‌ಲೈಟ್ ಅಂದರೆ ಪರದೆಯ ಬೆಳಕು. ಹಗಲು ಏರಿಸಿ, ರಾತ್ರಿ ಇಳಿಸಿ. ಇಳಿಸಿದಷ್ಟೂ ಕರೆಂಟ್ ಕಡಿಮೆ ಎಳೆಯುತ್ತೆ. ಬ್ರೈಟ್‌ನೆಸ್ ಅನ್ನೋದು ಎಷ್ಟೋ ಟಿವಿಗಳಲ್ಲಿ ಬೆಳಕಲ್ಲ, ಕಪ್ಪು ಎಷ್ಟು ಕಪ್ಪಗಿರಬೇಕು ಅನ್ನೋ ಲೆಕ್ಕ. (ಕೆಲವು ಕಂಪನಿಯವರು ಬೆಳಕಿಗೇ ಬ್ರೈಟ್‌ನೆಸ್ ಅಂತ ಹೆಸರಿಟ್ಟು, ಕಪ್ಪಿಗೆ 'ಬ್ಲ್ಯಾಕ್ ಲೆವೆಲ್' ಅಂದಿದ್ದಾರೆ. ತಲೆನೋವು ಅಲ್ಲೇ ಶುರು.) ರಾತ್ರಿ ದೃಶ್ಯ ಇರೋ ಸಿನಿಮಾ ಹಾಕಿ ನಿಲ್ಲಿಸಿ. ಹೀರೋನ ಕಪ್ಪು ಕೂದಲು, ಕಪ್ಪು ಕೋಟು ಬೇರೆ ಬೇರೆ ಕಾಣಬೇಕು. ಕತ್ತಲೆ ಬೂದಿ ಬಣ್ಣಕ್ಕೆ ತಿರುಗಬಾರದು. ಕಾಂಟ್ರಾಸ್ಟ್ ನೋಡೋಕೆ ಟೆಸ್ಟ್ ಮ್ಯಾಚ್ ಒಳ್ಳೇದು: ಆಟಗಾರರ ಬಿಳಿ ಅಂಗಿಯ ಮಡಿಕೆ ಕಾಣ್ತಿದ್ದರೆ ಸರಿ, ಬರೀ ಸುಣ್ಣ ಬಳಿದ ಹಾಗಿದ್ದರೆ ಇಳಿಸಿ. ಬಣ್ಣಕ್ಕೆ ವಾರ್ತೆ ಓದುವವರ ಮುಖ ನೋಡಿ.

ಶಾರ್ಪ್‌ನೆಸ್ ಏರಿಸಿದರೆ ಚಿತ್ರ ಸ್ಪಷ್ಟ ಆಗುತ್ತೆ ಅನ್ನೋದು ದೊಡ್ಡ ಭ್ರಮೆ. ಅದು ಇಲ್ಲದ ವಿವರ ತರೋದಿಲ್ಲ, ಅಂಚಿಗೆ ಗೆರೆ ಎಳೆಯುತ್ತೆ ಅಷ್ಟೇ. ಅಕ್ಷರದ ಸುತ್ತ ಬಿಳಿ ನೆರಳು ಕಂಡರೆ ಅದೇ ಕಾರಣ. ಸೊನ್ನೆಯ ಹತ್ತಿರಕ್ಕೆ ಇಳಿಸಿ.

ಸಿನಿಮಾ ಹಾಕಿದರೆ ಸೀರಿಯಲ್ ಶೂಟಿಂಗ್ ನೋಡಿದ ಹಾಗಾಗುತ್ತೆ, ಎಲ್ಲರೂ ಜಾರಿಕೊಂಡು ಓಡಾಡಿದ ಹಾಗಿರುತ್ತೆ ಅನ್ನೋ ದೂರು ಇದೆಯಾ? ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ನಡುನಡುವೆ ತಾನೇ ಕಲ್ಪಿಸಿದ ಚಿತ್ರ ತುಂಬಿಸಿ ನಯ ಮಾಡೋಕೆ ಹೋಗುತ್ತೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಅಥವಾ ಆಟೊ ಮೋಷನ್ ಪ್ಲಸ್. ಸಿನಿಮಾಕ್ಕೆ ಆಫ್ ಮಾಡಿ. ಕ್ರಿಕೆಟ್‌ಗೆ ಸ್ವಲ್ಪ ಇದ್ದರೆ ತೊಂದರೆ ಇಲ್ಲ.

ನ್ಯೂಸ್ ಚಾನೆಲ್ ಕೆಳಗಿನ ಸಾಲು ಅರ್ಧ ಕತ್ತರಿಸಿದ ಹಾಗಿದ್ದರೆ ಸ್ಕ್ರೀನ್ ಸೈಜ್‌ನಲ್ಲಿ 'ಜಸ್ಟ್ ಸ್ಕ್ಯಾನ್', 'ಫಿಟ್ ಟು ಸ್ಕ್ರೀನ್' ಅಥವಾ 'ಫುಲ್ ಪಿಕ್ಸೆಲ್' ಹುಡುಕಿ. 'ಬೇಡರ ಕಣ್ಣಪ್ಪ'ನಂಥ ಹಳೇ ಕಪ್ಪು ಬಿಳುಪು ಸಿನಿಮಾದಲ್ಲಿ ಎಡಬಲ ಖಾಲಿ ಬಿಡೋದು ಟಿವಿ ದೋಷ ಅಲ್ಲ, ಆ ಕಾಲದ ಚಿತ್ರದ ಅಳತೆಯೇ ಅದು. ಎಳೆದು ತುಂಬಿಸಿದರೆ ರಾಜಕುಮಾರ್ ದಪ್ಪ ಆಗ್ತಾರೆ.

ಚಿತ್ರ ತಾನಾಗೇ ಮಂಕಾಗಿ ಮತ್ತೆ ಬೆಳಗುತ್ತಿದ್ದರೆ ಎನರ್ಜಿ ಸೇವಿಂಗ್ ಅಥವಾ ಇಕೊ ಮೋಡ್ ಆನ್ ಇದೆ ಅಂತ ಅರ್ಥ. ಇನ್ನೊಂದು ಮಾತು: ಎಷ್ಟೋ ಟಿವಿಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಇನ್‌ಪುಟ್‌ಗೂ ಬೇರೆ. ಕೇಬಲ್ ಬಾಕ್ಸಿಗೆ ಮಾಡಿದ್ದು ಯೂಟ್ಯೂಬ್‌ಗೆ ಅನ್ವಯ ಆಗಲ್ಲ. 'ಎಲ್ಲಾ ಇನ್‌ಪುಟ್‌ಗೆ ಅನ್ವಯಿಸು' ಅನ್ನೋ ಆಯ್ಕೆ ಇದ್ದರೆ ಒತ್ತಿ, ಇಲ್ಲದಿದ್ದರೆ ಅಲ್ಲಿಗೂ ಹೋಗಿ ಮತ್ತೆ ಮಾಡಬೇಕು.

ಗೋಡೆಯ ಮೇಲೆ, ದೇವರ ಫೋಟೊ ಎತ್ತರಕ್ಕೆ ಟಿವಿ ತೂಗುಹಾಕೋ ಅಭ್ಯಾಸ ನಮ್ಮ ಕಡೆ ಜಾಸ್ತಿ. ಕೆಳಗಿಂದ ಕತ್ತೆತ್ತಿ ನೋಡಿದರೆ ಹಲವು ಎಲ್‌ಇಡಿ ಪರದೆಗಳು ಬಿಳಿಚಿಕೊಳ್ಳುತ್ತವೆ, ಕತ್ತೂ ನೋಯುತ್ತೆ. ಕೂತಾಗ ಕಣ್ಣಿನ ಮಟ್ಟ, ಎದುರಿಗೆ ಕಿಟಕಿ ಇರಬಾರದು, 43 ಇಂಚಿಗೆ ಐದರಿಂದ ಏಳಡಿ ದೂರ.

ಮಕ್ಕಳು ಏನೇನೋ ಒತ್ತಿ ಕೆಡಿಸಿದರೆ ಪಿಕ್ಚರ್ ಮೆನುವಿನಲ್ಲೇ ರೀಸೆಟ್ ಇರುತ್ತೆ. ಅದರಿಂದ ಚಿತ್ರದ ಸೆಟ್ಟಿಂಗ್ ಮಾತ್ರ ಮೊದಲಿನಂತಾಗುತ್ತೆ, ಚಾನೆಲ್ಲು, ಆ್ಯಪ್ ಅಳಿಸಲ್ಲ.

ಇಷ್ಟೆಲ್ಲ ಆದ ಮೇಲೂ ಅನುಮಾನ ಉಳಿದರೆ ಟಿವಿಯದೇ ಮೆನು ತೆರೆದು ನೋಡಿ. ಮೆನುವಿನ ಅಕ್ಷರ ಚೊಕ್ಕವಾಗಿದ್ದು ಚಾನೆಲ್ ಮಾತ್ರ ಮಸುಕಾಗಿದ್ದರೆ ಕೇಬಲ್‌ನವರನ್ನ ಕೇಳಿ. ಮೆನುವಿನ ಮೇಲೂ ಉದ್ದ ಗೆರೆ, ಕಪ್ಪು ಮಚ್ಚೆ, ಸಾಯದ ಒಂದೇ ಬಣ್ಣದ ಚುಕ್ಕೆ ಕಂಡರೆ ಅದು ಪ್ಯಾನೆಲ್ ದೋಷ. ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ಬಿಲ್ ಮತ್ತು ವಾರಂಟಿ ಕಾರ್ಡ್ ಹಿಡಿದು ಅವತ್ತೇ ಅಂಗಡಿಗೆ ಹೋಗಿ. ಅಲ್ಲಿವರೆಗೂ ಡಬ್ಬಿ, ಥರ್ಮೊಕೋಲ್ ಬಿಸಾಕಬೇಡಿ.