‘ಕ್ಯಾಂಪ್’ ಪದದ ಅರ್ಥಪಲ್ಲಟ: ಗಂಗಾವತಿ ಪರಿಸರದ ಸ್ಥಳನಾಮಗಳ ಹಿನ್ನೆಲೆಯಲ್ಲಿ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗದ ನೀರಾವರಿ ಪ್ರದೇಶದಲ್ಲಿ ‘ಕ್ಯಾಂಪ್’ ಎಂದರೆ ಊರು. ಮನೆ, ಗುಡಿ, ಶಾಲೆಗಳೊಡನೆ ತಲೆಮಾರುಗಳಿಂದ ನೆಲೆನಿಂತ ಊರು. ಕನ್ನಡದ ಇತರ ಪ್ರದೇಶಗಳಲ್ಲಿ ಇದೇ ಪದ ಸಾಮಾನ್ಯವಾಗಿ ತಾತ್ಕಾಲಿಕ ತಂಗುದಾಣವನ್ನು ಸೂಚಿಸುತ್ತದೆ. ಈ ಅಂತರ ಹೇಗೆ ಉಂಟಾಯಿತು, ‘ತಾತ್ಕಾಲಿಕತೆ’ ಎಂಬ ಅರ್ಥಘಟಕ ಏನಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಪದದ ಮೂಲ ಲ್ಯಾಟಿನ್ನಿನ ‘ಕಾಂಪುಸ್’. ಅದರ ಅರ್ಥ ಬಯಲು, ಹೊಲ. ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ 16ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರುವ ವೇಳೆಗೆ ಅದು ಸೇನೆಯ ಬಿಡಾರವಾಗಿತ್ತು. ಕನ್ನಡದಲ್ಲಿ ಈ ಎರವಲು ಹಲವು ದಾರಿ ಹಿಡಿಯಿತು. ಬೆಳಗಾವಿಯಲ್ಲಿ ದಂಡು ಪ್ರದೇಶದ ಅಂಕಿತನಾಮವಾಯಿತು. ಕಚೇರಿಯ ಭಾಷೆಯಲ್ಲಿ ಅಧಿಕಾರಿಯ ಪ್ರವಾಸವಾಯಿತು: ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’. ವೃತ್ತಿ ರಂಗಭೂಮಿಯಲ್ಲಿ ನಾಟಕ ಕಂಪನಿಯ ಮೊಕ್ಕಾಮಾಯಿತು. ಕೊನೆಯ ಎರಡು ಬಳಕೆಗಳಲ್ಲಿ ‘ಬಂದು ಹೋಗುವುದು’ ಎಂಬ ಅಂಶ ಸ್ಥಿರವಾಗಿದೆ.

ಗಂಗಾವತಿಯ ಬಳಕೆಗೆ ಕಾರಣ ತುಂಗಭದ್ರಾ ಯೋಜನೆ. 1945ರಲ್ಲಿ ಆರಂಭವಾದ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯ ಪ್ರದೇಶಕ್ಕೆ ಕರಾವಳಿ ಆಂಧ್ರದ ರೈತರು ವಲಸೆ ಬಂದು ಜಮೀನು ಕೊಂಡು, ಹಳೆಯ ಊರುಗಳಿಂದ ದೂರದಲ್ಲಿ, ಹೊಲಗಳ ನಡುವೆ ವಸತಿ ಹೂಡಿದರು. ಆ ವಸತಿಗಳೇ ಕ್ಯಾಂಪುಗಳು. ಮಳೆಯಾಶ್ರಿತ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಈ ವಾರ್ಗಿಕ ಹೀಗೆ ಹಬ್ಬಲಿಲ್ಲ. ಕ್ಯಾಂಪುಗಳ ಹರವನ್ನು ನಿರ್ಧರಿಸಿದ್ದು ಕಾಲುವೆಯ ನೀರು.

ಈ ಪಲ್ಲಟಕ್ಕೆ ವ್ಯಾಕರಣದ ಸಾಕ್ಷ್ಯವೂ ಇದೆ. ತಂಗುದಾಣದ ಅರ್ಥದಲ್ಲಿ ಪದ ‘ಹಾಕು’, ‘ಮಾಡು’ ಕ್ರಿಯೆಗಳೊಡನೆ ಕೂಡುತ್ತದೆ: ‘ಕಂಪನಿಯವರು ಕ್ಯಾಂಪ್ ಹಾಕಿದ್ದಾರೆ’. ಊರಿನ ಅರ್ಥದಲ್ಲಿ ಈ ಕೂಡುವಿಕೆ ಸಲ್ಲದು. ಅಲ್ಲಿ ಅದು ಹಳ್ಳಿ, ಹಾಳ, ಗೇರಿಗಳಂತೆ ಹೆಸರಿನ ಉತ್ತರಪದವಾಗುತ್ತದೆ. ಗಂಗಾವತಿ ತಾಲ್ಲೂಕಿನ ‘ವಡ್ಡರಹಟ್ಟಿ ಕ್ಯಾಂಪ್’ ಗಮನಾರ್ಹ ನಿದರ್ಶನ. ‘ವಡ್ಡರಹಟ್ಟಿ’ಯಲ್ಲಿ ವಾರ್ಗಿಕವಾಗಿದ್ದ ‘ಹಟ್ಟಿ’ ಇಲ್ಲಿ ನಿರ್ದಿಷ್ಟದ ಒಳಗೆ ಸೇರಿ, ವಾರ್ಗಿಕದ ಸ್ಥಾನವನ್ನು ಎರವಲು ಪದಕ್ಕೆ ಬಿಟ್ಟುಕೊಟ್ಟಿದೆ.

ಬಿಡಾರ ಊರಾಗುವುದು ಹೊಸದಲ್ಲ. ಲ್ಯಾಟಿನ್ನಿನಲ್ಲಿ ಸೇನಾಶಿಬಿರವನ್ನು ಸೂಚಿಸುತ್ತಿದ್ದ ‘ಕಾಸ್ಟ್ರ’ ಇಂಗ್ಲೆಂಡಿನ ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಹೆಸರುಗಳಲ್ಲಿ ಉಳಿದಿದೆ. ಕನ್ನಡದಲ್ಲಿ ದಂಡಿನ ‘ಪಾಳೆಯ’ವು ‘ಪಾಳ್ಯ’ವಾಗಿ ಊರು, ಕೇರಿಗಳ ಹೆಸರಾಯಿತು. ಬಿಡಾರವೆಂಬ ಅರ್ಥದ ‘ಬೀಡು’ ರಾಜಧಾನಿಯನ್ನೂ ಸೂಚಿಸಿ ಹಳೇಬೀಡಿನಲ್ಲಿ ನೆಲೆಯಾಯಿತು. ಈ ಪದಗಳನ್ನು ಬಳಸುವ ಇಂದಿನ ಭಾಷಿಕನಿಗೆ ತಾತ್ಕಾಲಿಕತೆಯ ನೆನಪೇ ಇಲ್ಲ.

‘ಕ್ಯಾಂಪ್’ ಇವುಗಳಿಂದ ಭಿನ್ನವಾಗುವುದು ಇಲ್ಲಿಯೇ. ಸ್ಥಳವನ್ನು ಹೇಳುವಾಗ ತಾತ್ಕಾಲಿಕತೆ ಅಳಿದಿದೆ; ಜನರನ್ನು ಹೇಳುವಾಗ ಉಳಿದಿದೆ. ‘ಹಳ್ಳಿಯವರು’ ಎಂಬುದು ವಾಸಸ್ಥಳವನ್ನಷ್ಟೇ ತಿಳಿಸಿದರೆ ‘ಕ್ಯಾಂಪಿನವರು’ ಎಂಬುದು ಹೊರಗಿನಿಂದ ಬಂದವರೆಂಬ ಸೂಚನೆಯನ್ನೂ ಹೊರುತ್ತದೆ. ಅಲ್ಲಿಯೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗನಿಗೂ ಅದು ಅನ್ವಯಿಸಬಲ್ಲದು. ಅರ್ಥವಿಸ್ತಾರ, ಅರ್ಥಸಂಕೋಚಗಳೆಂಬ ರೂಢಿಯ ವಿಂಗಡಣೆ ಇದನ್ನು ಪೂರ್ತಿಯಾಗಿ ವಿವರಿಸಲಾರದು. ಅರ್ಥಘಟಕವು ನಾಶವಾಗದೆ ಮೂಲಪದದಿಂದ ಸಾಧಿತಪದಕ್ಕೆ ಸರಿದಿದೆ ಎಂಬುದು ನಮ್ಮ ವಾದ.

ಇದರ ಪರಿಣಾಮ ಶಬ್ದಕೋಶಕ್ಕೆ ಸೀಮಿತವಲ್ಲ. ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕ್ರಮದಲ್ಲಿ ರಾಜ್ಯ ಸರ್ಕಾರ ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯಗಳ ಸಾಲಿನಲ್ಲಿಯೇ ಕ್ಯಾಂಪನ್ನೂ ಹೆಸರಿಸುತ್ತದೆ. ಆಡಳಿತದ ಭಾಷೆಯಲ್ಲಿ ಅದು ಕನ್ನಡದ ವಾರ್ಗಿಕಗಳಲ್ಲೊಂದು ಎಂಬುದಕ್ಕೆ ಇದು ಸಾಕ್ಷಿ. ಇತ್ತ ವಲಸಿಗರು ನೆಲೆಯೂರಿದ ಶ್ರೀರಾಮನಗರದಂತಹ ಊರುಗಳ ಹೆಸರಿನಲ್ಲಿ ‘ನಗರ’ವಿದೆ, ಅದು ಯಾರನ್ನೂ ಹೊರಗಿನವರೆನ್ನದ ವಾರ್ಗಿಕ. ಇವೆರಡರಲ್ಲಿ ಯಾವುದು ಉಳಿಯುತ್ತದೆ ಎನ್ನುವುದಕ್ಕಿಂತ, ‘ಕ್ಯಾಂಪಿನವರು’ ಎಂಬ ಪದ ‘ಪಾಳ್ಯದವರು’ ಎಂಬಷ್ಟೇ ನಿರ್ಲಿಪ್ತವಾಗುವುದು ಯಾವಾಗ ಎಂಬ ಪ್ರಶ್ನೆ ಮುಖ್ಯವಾದುದು. ಆ ಹಂತದಲ್ಲಿಯೇ ಈ ಎರವಲಿನ ಅರ್ಥಪಲ್ಲಟ ಪೂರ್ಣಗೊಂಡಿತೆನ್ನಬಹುದು.