ಎಸೆಯುವ ಕೈ, ಎಣಿಸುವ ಕೈ

ಕನ್ನಡ ಪಾಠ ಹೇಳುವವನಿಗೂ ಸಾಫ್ಟ್‌ಬಾಲ್ ಆಟಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಾಲ್ಕು ವರ್ಷಗಳ ಹಿಂದೆ ನಾನೂ ಅದನ್ನೇ ಕೇಳಿದ್ದೆ. ಪದವಿಪೂರ್ವ ಕಾಲೇಜುಗಳ ಪಂದ್ಯಗಳು ಗೊತ್ತಾದ ದಿನಗಳಲ್ಲಿಯೇ ನಮ್ಮ ದೈಹಿಕ ಶಿಕ್ಷಕರ ಮಗಳ ಮದುವೆಯೂ ಗೊತ್ತಾಗಿತ್ತು. ಹೆಣ್ಣುಮಕ್ಕಳ ತಂಡದ ಜೊತೆಗೆ ಅಧ್ಯಾಪಕರೊಬ್ಬರು ಹೋಗಲೇಬೇಕು. ಹಳಗನ್ನಡದ ಪಾಠ ಎರಡು ದಿನ ನಿಂತರೆ ಯಾರೂ ಕಣ್ಣೀರು ಸುರಿಸುವುದಿಲ್ಲವೆಂದು ಪ್ರಾಚಾರ್ಯರು ಎಣಿಸಿದರೋ ಏನೋ, ಆ ಹೊಣೆ ನನ್ನ ಹೆಗಲೇರಿತು. ಆಟದ ಗಂಧವೇ ಇಲ್ಲದವನು ಮೈದಾನದಲ್ಲಿ ನಗೆಗೀಡಾಗಬಾರದೆಂದು ಮೂರು ವಾರ ಪ್ರತಿ ಸಂಜೆ ಅಭ್ಯಾಸ ನೋಡುತ್ತ ಕುಳಿತೆ.

ಈ ಆಟದ ಹುಟ್ಟೇ ಒಂದು ವಿನೋದ. 1887ರ ನವೆಂಬರಿನಲ್ಲಿ ಅಮೆರಿಕದ ಶಿಕಾಗೊ ನಗರದ ಫ್ಯಾರಗಟ್ ದೋಣಿ ಕ್ಲಬ್ಬಿನಲ್ಲಿ ಕೆಲವು ತರುಣರು ಹೊತ್ತು ಕಳೆಯುತ್ತಿದ್ದರು. ಅವರಲ್ಲಿ ಜಾರ್ಜ್ ಹ್ಯಾನ್‌ಕಾಕ್ ಎಂಬವನು ಮುಷ್ಟಿಯುದ್ಧದ ಗ್ಲೌಸೊಂದನ್ನು ಉಂಡೆಯಾಗಿ ಕಟ್ಟಿ ಚೆಂಡು ಮಾಡಿದ; ಪೊರಕೆಯ ಹಿಡಿಯೇ ಬ್ಯಾಟಾಯಿತು. ಚಳಿಗಾಲದಲ್ಲಿ ಚಾವಣಿಯ ಕೆಳಗೆ ಆಡುವ ಬೇಸ್‌ಬಾಲ್ ಹೀಗೆ ಹುಟ್ಟಿ, ಮುಂದೆ ಬಯಲಿಗೆ ಬಂದು, 1926ರಲ್ಲಿ ಸಾಫ್ಟ್‌ಬಾಲ್ ಎಂಬ ಹೆಸರನ್ನು ಪಡೆಯಿತು. ಹೆಸರಿಗೆ ಮಾತ್ರ ಅದು ಮೆತ್ತನೆಯ ಚೆಂಡು. ಇಂದಿನ ಹನ್ನೆರಡು ಅಂಗುಲ ಸುತ್ತಳತೆಯ ಚೆಂಡು ಮೊಣಕಾಲಿಗೆ ತಗುಲಿದರೆ ಆ ಹೆಸರನ್ನು ಇಟ್ಟವರ ಮೇಲೆ ಯಾರಿಗಾದರೂ ಸಿಟ್ಟು ಬಂದೀತು.

ನಮ್ಮ ದೈಹಿಕ ಶಿಕ್ಷಕರು ಕಲಿಸುವ ಕ್ರಮವನ್ನು ಕಂಡು ನನಗೆ ಅಕ್ಷರಾಭ್ಯಾಸದ ನೆನಪಾಯಿತು. ಹೊಸಬರಿಗೆ ಅವರು ಮೊದಲ ದಿನ ಬ್ಯಾಟನ್ನು ಕೊಡುವುದೇ ಇಲ್ಲ. ಗ್ಲೌಸಿಲ್ಲದೆ, ಹಗುರವಾದ ಚೆಂಡನ್ನು ಎರಡು ಕೈಗಳಿಂದ ಹಿಡಿಯುವುದೇ ಮೊದಲ ಪಾಠ. ಚೆಂಡು ಬಂದು ಅಂಗೈಗೆ ಬಡಿಯಬಾರದು. ಕೈಗಳೇ ಒಂದಿಷ್ಟು ಹಿಂದೆ ಸರಿದು ಅದನ್ನು ಬರಮಾಡಿಕೊಳ್ಳಬೇಕು. ಆಮೇಲೆ ಮಂಡಿ ಬಗ್ಗಿಸಿ ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಅಡ್ಡ ನಿಲ್ಲುವುದು. ಬಳಿಕ, ಎಸೆಯುವ ಕೈಗೆ ಎದುರಿನ ಕಾಲನ್ನು ಮುಂದಿಟ್ಟು ಗುರಿಯತ್ತ ಎಸೆಯುವುದು. ಅನಂತರ, ಕೋಲಿನ ತುದಿಯಲ್ಲಿ ಕದಲದೆ ಕುಳಿತ ಚೆಂಡಿಗೆ ಬ್ಯಾಟು ಬೀಸುವುದು. ಓಟವನ್ನು ಕೂಡ ಕಲಿಸಬೇಕು. ಮೊದಲ ಬೇಸನ್ನು ದಾಟಿ ನೇರವಾಗಿ ಓಡಿಹೋದರೂ ಔಟಾಗುವ ಭಯವಿಲ್ಲ, ಆದ್ದರಿಂದ ಅಲ್ಲಿ ವೇಗ ತಗ್ಗಿಸಬಾರದು. ಕಾಗುಣಿತ ತಿದ್ದಿದವನೇ ಕಾವ್ಯಕ್ಕೆ ಬರಬೇಕೆಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

ಆಟದ ಜೀವಾಳವಿರುವುದು ಪಿಚರಳ ಕೈಯಲ್ಲಿ. ಕ್ರಿಕೆಟ್ಟಿನ ಬೌಲರನಂತೆ ಅವಳು ಚೆಂಡನ್ನು ತಲೆಯ ಮೇಲಿನಿಂದ ಬಿಡುವಂತಿಲ್ಲ. ತೋಳನ್ನು ಗಾಳಿಗಿರಣಿಯ ರೆಕ್ಕೆಯಂತೆ ಒಂದು ಸುತ್ತು ಸುತ್ತಿಸಿ, ಸೊಂಟದ ಬಳಿ ಕೆಳಗಿನಿಂದಲೇ ಬಿಡಬೇಕು. ಇದನ್ನೂ ತುಂಡುತುಂಡಾಗಿ ಕಲಿಸುತ್ತಾರೆ: ಮೊದಲು ಮಣಿಕಟ್ಟಿನ ಚಿಮ್ಮು, ಆಮೇಲೆ ಅರ್ಧ ಸುತ್ತು, ಕೊನೆಗೆ ಪೂರ್ಣ ಸುತ್ತು ಮತ್ತು ನೆಲವನ್ನೊದ್ದು ಮುನ್ನುಗ್ಗುವ ಕಾಲು. ಅಮೆರಿಕದಲ್ಲಿ ಹತ್ತು ವರ್ಷದೊಳಗಿನ ಹುಡುಗಿಯರಿಗೆ 11 ಅಂಗುಲದ ಚೆಂಡು, 35 ಅಡಿ ದೂರ. ಬೆಳೆದ ಹೆಂಗಸರಿಗೆ 12 ಅಂಗುಲ, 43 ಅಡಿ. ಮಗುವಿಗೆ ಮಗುವಿನ ಅಳತೆಯೇ ಸರಿ ಎಂಬುದು ಆ ಏರ್ಪಾಡಿನ ತಿರುಳು.

ನಮ್ಮ ತಂಡದ ಪಿಚರ್ ಒಬ್ಬ ರೈತರ ಮಗಳು, ಹದಿನಾರರ ಹುಡುಗಿ. ಜೋಳದ ತೆನೆ ಹಾಲುಗಟ್ಟುವ ಕಾಲದಲ್ಲಿ ಹೊಲದ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿಗಳನ್ನು ಓಡಿಸಿದವಳು. ಆ ಬೀಸು ಅವಳ ತೋಳಿನಲ್ಲಿ ಮೊದಲೇ ಇತ್ತು. ದೈಹಿಕ ಶಿಕ್ಷಕರು ಅದಕ್ಕೊಂದು ಗುರಿಯನ್ನು ಕೊಟ್ಟಿದ್ದರು, ಅಷ್ಟೆ. ಮದುವೆಗೆ ಹೊರಡುವ ಮುನ್ನ ಅವರು ನನ್ನ ಕೈಗೊಂದು ಚೀಟಿಯನ್ನಿತ್ತರು. ಅದರಲ್ಲಿದ್ದುದು ಒಂದೇ ಮಾತು: ಈ ಹುಡುಗಿಗೆ ದಿನಕ್ಕೆ ಒಂದೇ ಪಂದ್ಯ, ಇನ್ನೊಂದನ್ನು ಎರಡನೆಯವಳು ಎಸೆಯಲಿ.

ಎರಡನೆಯ ದಿನ ಬೆಳಿಗ್ಗೆ ಅವಳ ಎಸೆತದಿಂದ ಗೆದ್ದೆವು. ಮಧ್ಯಾಹ್ನ ಅಂತಿಮ ಪಂದ್ಯ. ಎರಡನೆಯವಳು ಪಳಗಿದವಳಲ್ಲ. ಚೀಟಿ ನನ್ನ ಜೇಬಿನಲ್ಲಿಯೇ ಇತ್ತು, ಗೆಲುವಿನ ಫಲಕ ಕಣ್ಣೆದುರಿನ ಮೇಜಿನ ಮೇಲಿತ್ತು. "ಕೈ ಹ್ಯಾಂಗದ ತಂಗಿ?" ಎಂದು ಕೇಳಿದೆ. "ಏನೂ ಆಗಿಲ್ರಿ ಸರ್, ನಾ ಒಗಿತೀನ್ರಿ" ಎಂದಳು. ಅವಳು ಎಡಗೈಯಿಂದ ಬಲಭುಜವನ್ನು ಒತ್ತಿಕೊಂಡದ್ದನ್ನು ನಾನು ಕಂಡೆ. ಕಂಡೂ ಕಾಣದವನಾದೆ. ಏಳು ಇನ್ನಿಂಗ್ಸನ್ನೂ ಅವಳೇ ಎಸೆದಳು. ಒಂದೇ ಒಂದು ರನ್ನಿನಿಂದ ನಾವು ಗೆದ್ದೆವು. ಮರುದಿನ ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಅವಳ ಕೈ ಮೇಲಕ್ಕೇಳಲಿಲ್ಲ. ಗೆಳತಿಯೊಬ್ಬಳು ಹೆಣೆದುಕೊಟ್ಟಳು. ವೈದ್ಯರು ಮೂರು ತಿಂಗಳು ಚೆಂಡು ಮುಟ್ಟಬಾರದೆಂದರು.

ಕೆಳಗಿನಿಂದ ಎಸೆಯುವುದು ತೋಳಿಗೆ ಸಹಜ, ಅದರಿಂದ ಕೇಡಿಲ್ಲ ಎಂಬ ನಂಬಿಕೆ ಈ ಆಟದಲ್ಲಿ ಬಹುಕಾಲ ಬೇರೂರಿತ್ತು. ಅಳೆದು ನೋಡಿದವರು ಬೇರೆ ಮಾತನ್ನು ಹೇಳಿದ್ದಾರೆ. ಚೆಂಡು ಕೈಬಿಡುವ ಹೊತ್ತಿಗೆ ತೋಳನ್ನು ಭುಜದ ಕೀಲಿನಿಂದ ಹೊರಕ್ಕೆಳೆಯುವ ಬಲ ಹೆಚ್ಚುಕಡಿಮೆ ಆ ಹುಡುಗಿಯ ಮೈತೂಕಕ್ಕೆ ಸಮೀಪವಾಗಿರುತ್ತದೆ. ಎಲುಬಿನ ಬೆಳವಣಿಗೆ ಮುಗಿಯದ ವಯಸ್ಸಿನಲ್ಲಿ ಇದನ್ನು ನೂರಾರು ಸಲ, ಬಿಡುವಿಲ್ಲದೆ ಮಾಡಿಸಿದರೆ ಆಗುವುದೇನೆಂದು ಹೇಳಲು ವೈದ್ಯನೇ ಬೇಕಾಗಿಲ್ಲ. ಲಿಟಲ್ ಲೀಗ್ ಸಂಸ್ಥೆ 2007ರಿಂದ ಬೇಸ್‌ಬಾಲಿನಲ್ಲಿ ಎಸೆತಗಳನ್ನೇ ಎಣಿಸಿ ಮಿತಿ ಹಾಕಿದೆ: 11-12ರ ವಯಸ್ಸಿನ ಹುಡುಗರಿಗೆ ದಿನಕ್ಕೆ 85. ಕೈ ಕೆಳಗಿದ್ದ ಮಾತ್ರಕ್ಕೆ ಎಣಿಕೆ ಬೇಡವೆನ್ನುವುದು ಯಾವ ನ್ಯಾಯ?

ಇಲ್ಲಿ ಕೆಲವರು ಜಪಾನಿನ ಯುಕಿಕೊ ಉಎನೊಳನ್ನು ಮುಂದಿಡುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎರಡು ದಿನಗಳಲ್ಲಿ ಮೂರು ಪಂದ್ಯಗಳನ್ನಾಡಿ, 413 ಸಲ ಎಸೆದು, ಅಮೆರಿಕವನ್ನು ಮಣಿಸಿ ಚಿನ್ನ ತಂದ ವೀರಳು ಅವಳು. ತಲೆದೂಗಬೇಕಾದ ಸಾಹಸವೇ ಸರಿ. ಆದರೆ ಆಗ ಅವಳಿಗೆ 26 ವರ್ಷ. ತನ್ನ ಮೈಯನ್ನು ತಾನು ಬಲ್ಲವಳು, ಬೇಡವೆನ್ನುವ ಹಕ್ಕುಳ್ಳವಳು. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಅಂತಿಮ ಪಂದ್ಯ ನಡೆದಾಗ ಅವಳಿಗೆ 39. ಆ ದಿನ ಆರನೆಯ ಇನ್ನಿಂಗ್ಸಿನಲ್ಲಿ ಅವಳ ಭಾರವನ್ನು 20ರ ಹರೆಯದ ಮಿಯು ಗೊತೊ ಹೊತ್ತಳು. ಕೊನೆಯ ಇನ್ನಿಂಗ್ಸಿಗೆ ಹಿರಿಯಳು ಮರಳಿ ಬಂದಳು. ಜಪಾನ್ ಮತ್ತೆ ಗೆದ್ದಿತು. ನಮ್ಮ ಮಕ್ಕಳ ತರಬೇತಿಗೆ ಮಾದರಿ ಬೇಕಾದರೆ ಈ ಎರಡನೆಯ ಚಿನ್ನವನ್ನು ತೆಗೆದುಕೊಳ್ಳೋಣ. ಮೊದಲನೆಯದು ಕಥೆಯಾಗಿರಲಿ.

ಏಕಲವ್ಯನ ಹೆಬ್ಬೆರಳನ್ನು ಕೇಳಿದ ದ್ರೋಣನನ್ನು ತರಗತಿಯಲ್ಲಿ ಎಷ್ಟೋ ಸಲ ತರಾಟೆಗೆ ತೆಗೆದುಕೊಂಡವನು ನಾನು. ಆ ವರ್ಷದ ನಂತರ ಆ ಪಾಠ ಹೇಳುವಾಗ ನನ್ನ ದನಿ ಕುಗ್ಗುತ್ತದೆ. ದ್ರೋಣನಾದರೋ ಬಾಯಿಬಿಟ್ಟು ಕೇಳಿದ. ಶಿಷ್ಯನಿಗೆ ತಾನು ಕೊಡುತ್ತಿರುವುದೇನೆಂಬುದು ತಿಳಿದಿತ್ತು. ನಾನು ಕೇಳಲೂ ಇಲ್ಲ, ಅವಳಿಗೆ ತಿಳಿದಿರಲೂ ಇಲ್ಲ. ವಿದ್ಯಾರ್ಥಿಯು ಆಗುತ್ತದೆಂದು ಹೇಳಿದಾಗಲೂ ಬೇಡವೆನ್ನುವ ಧೈರ್ಯ ಇರಬೇಕಾದದ್ದು ಗುರುವಿನಲ್ಲಿ. ಮಕ್ಕಳು ನಮ್ಮೆದುರು ನೋವೆನ್ನುವುದಿಲ್ಲ, ನಾವು ಅವರ ಮೇಲಿಟ್ಟ ಪ್ರೀತಿಯನ್ನು ಎಲ್ಲಿ ಕಳೆದುಕೊಳ್ಳುತ್ತೇವೋ ಎಂದು ಅಂಜುತ್ತಾರೆ.

ಆ ಹುಡುಗಿಯ ತೋಳು ದೈವಕೃಪೆಯಿಂದ ಮತ್ತೆ ಸರಿಹೋಯಿತು. ಆದರೆ ಮೊದಲಿನ ಬಿರುಸು ಮರಳಲಿಲ್ಲ. ಅವಳು ಪಿಚರಳ ಸ್ಥಾನವನ್ನು ಬಿಟ್ಟು ಮೊದಲ ಬೇಸಿನಲ್ಲಿ ನಿಂತಳು. ಈಗ ಪದವಿ ತರಗತಿಯಲ್ಲಿದ್ದಾಳೆ. ಭಾನುವಾರದ ಬೆಳಗುಗಳಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಆಟವನ್ನು ಕಲಿಸಲು ನಮ್ಮ ಮೈದಾನಕ್ಕೆ ಬರುತ್ತಾಳೆ. ಮೊನ್ನೆ ಹೋಗಿ ನೋಡಿದೆ. ಅವಳ ಮುಂದೊಂದು ತಟ್ಟೆ, ಅದರಲ್ಲಿ ಹುಣಿಸೆಬೀಜ. ಚಿಕ್ಕ ಹುಡುಗಿ ಒಂದು ಎಸೆತ ಎಸೆದರೆ ಇವಳು ಒಂದು ಬೀಜವನ್ನು ತೆಗೆದು ಕೆಳಗಿಡುತ್ತಾಳೆ. ತಟ್ಟೆ ಬರಿದಾದದ್ದೇ ಚೆಂಡನ್ನು ಕೈಗೆ ತೆಗೆದುಕೊಂಡಳು. "ಅಕ್ಕಾ, ಇನ್ನೊಂದs ಒಂದು" ಎಂದು ಆ ಮಗು ಗೋಗರೆಯಿತು.

"ಸಾಕು" ಎಂದಳು ಅವಳು. ನಾನು ಅಂದು ಹೇಳಬೇಕಾಗಿದ್ದ ಮಾತು ಅದೇ.