ಹಿತ್ತಲು ಹಿಡಿದ ಸುಬಾಬುಲ್
'ಬೇಗ ನೆರಳಾಗುತ್ತೆ, ಮೇಕೆಗೆ ಸೊಪ್ಪೂ ಆಯಿತು' ಎಂದು ನೆಂಟರೊಬ್ಬರು ಕೊಟ್ಟ ಸುಬಾಬುಲ್ ಸಸಿಯನ್ನು ಬಾವಿ ಪಕ್ಕ ನೆಟ್ಟೆವು. ಮೂರನೇ ಮಳೆಗಾಲಕ್ಕೆ ಅದು ಹೆಂಚು ದಾಟಿತ್ತು. ನೆರಳೇನೋ ತಂಪು. ಆದರೆ ಚಪ್ಪಟೆ ಕಾಯಿಗಳು ಒಣಗಿ ಬಿರಿದದ್ದೇ ತಡ, ಮಲ್ಲಿಗೆ ಪಾತಿ, ಕರಿಬೇವಿನ ಬುಡ, ಬಚ್ಚಲ ಮೋರಿ, ಎಲ್ಲೆಲ್ಲೂ ಅದರದೇ ಮರಿಗಳು! ಬೆರಳುದ್ದ ಇದ್ದಾಗ ಕಿತ್ತರೆ ಬಂತು. ಮೊಣಕಾಲುದ್ದವಾದರೆ ತಾಯಿಬೇರು ಗುದ್ದಲಿಗೂ ಬಗ್ಗದು. ಕಡಿಸಿದರೆ ಬೊಡ್ಡೆಯಿಂದ ಹತ್ತು ಚಿಗುರು.

ಮೆಕ್ಸಿಕೊ ಕಡೆಯ ಈ ಮರವನ್ನು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಗಳು ಕೊಂಡಾಡಿದ್ದವು. ಈಗದು ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಹೆಚ್ಚು ತಿಂದ ಕುದುರೆಯ ಬಾಲದ ಕೂದಲು ಉದುರುತ್ತದಂತೆ. ಬೇರೆ ಮೇವಿನೊಡನೆ ಮಿತವಾಗಿ ಕೊಟ್ಟರೆ ಮೇಕೆಗೆ ಅಡ್ಡಿಯಿಲ್ಲ. ಹಾಗಾಗಿ ಕಾಯಿ ಕಟ್ಟುವ ಮೊದಲೇ ಚಿಗುರು ಸವರಿ ಕೊಟ್ಟಿಗೆಗೆ ಒಯ್ಯುತ್ತೇವೆ.